ಕಮಲಮ್ಮನ ದನಿಯಲ್ಲಿ ಲೀಲಮ್ಮನ ಮಾತು

ಹೋದ ತಿಂಗಳು ಹೆಬ್ಬೆರಳಿನ ಬುಡ ನೋಯುತ್ತಿದೆಯೆಂದು ಜೆ.ಪಿ. ನಗರದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋಗಿದ್ದೆ. ಇಷ್ಟು ವರ್ಷ ಕೀಬೋರ್ಡ್ ಕುಟ್ಟಿದ್ದರ ಫಲ. ಅಲ್ಲಿನ ಹುಡುಗಿ ಒಂದು ಸ್ಟೀಲ್ ತೊಟ್ಟಿಯ ಮುಚ್ಚಳ ತೆಗೆದು, "ಕೈ ಅದ್ದಿ ಮೇಡಂ, ತಡ್ಕೊಳೋ ಅಷ್ಟೇ ಬಿಸಿ ಇದೆ" ಅಂದಳು. ಒಳಗೆ ಕರಗಿದ ಮೇಣ. ಬೆರಳು ಅದ್ದುವ ಮೊದಲೇ ಅದರ ವಾಸನೆ ಮೂಗಿಗೆ ಬಂತು. ಆರಿದ ಮೋಂಬತ್ತಿಯದ್ದೂ ಅಲ್ಲದ, ಹೊಸ ಕ್ರೆಯಾನ್ ಡಬ್ಬಿಯದ್ದೂ ಅಲ್ಲದ, ಎರಡರ ನಡುವಿನ ಬೆಚ್ಚಗಿನ ವಾಸನೆ. ನನಗೆ ತಿಲಕ್ ನಗರದ ಒಂದಿಡೀ ಮಳೆಗಾಲ ನೆನಪಾಯಿತು.

ಕೆಲವು ವರ್ಷಗಳ ಹಿಂದೆ ನಾನೂ ನನ್ನ ಗೆಳೆಯ ಮಂಜುವೂ ದೊಡ್ಡ ಕಂಪನಿಯ ಕೆಲಸ ಬಿಟ್ಟು ಅಲ್ಲೊಂದು ಕೋಣೆ ಬಾಡಿಗೆಗೆ ಹಿಡಿದಿದ್ದೆವು. ಕೆಳಗೆ ಮಿಕ್ಸಿ, ಗ್ರೈಂಡರ್ ರಿಪೇರಿ ಅಂಗಡಿ. ಮೆಟ್ಟಿಲು ಹತ್ತಿದರೆ ಎದುರುಬದುರು ಎರಡು ಬಾಗಿಲು. ಒಂದು ನಮ್ಮದು. ಇನ್ನೊಂದು, ಲಕ್ವ ಹೊಡೆದವರಿಗೆ ವ್ಯಾಯಾಮವನ್ನೂ ಮಾತಿನ ಅಭ್ಯಾಸವನ್ನೂ ಮಾಡಿಸುವ ಪುಟ್ಟ ಕೇಂದ್ರದ್ದು. ಬೆರಳು ಬಿಗಿದುಕೊಂಡವರಿಗೆ ಅಲ್ಲಿ ಮೇಣದ ಶಾಖ ಕೊಡುತ್ತಿದ್ದರು. ಮಳೆ ಬಂದು ಕಿಟಕಿಗಳನ್ನೆಲ್ಲ ಮುಚ್ಚಿದರೆ ಆ ವಾಸನೆ ಎಲ್ಲಿಗೂ ಹೋಗಲಾರದೆ ನಮ್ಮ ಕೋಣೆಗೇ ಬಂದು ಕೂರುತ್ತಿತ್ತು.

ಮಂಜು ಸಿದ್ದಾಪುರದವನು. ಅವನ ಮನೆಯ ಹಾಲಿನಲ್ಲಿ ಬುದ್ಧನ ಪಟದ ಪಕ್ಕದಲ್ಲೇ ಅವನ ಇಂಜಿನಿಯರಿಂಗ್ ಡಿಗ್ರಿಗೂ ಕಟ್ಟು ಹಾಕಿಸಿ ಅವನ ತಾಯಿ ತೂಗುಹಾಕಿದ್ದರು. ಜಾಣ, ಆದರೆ ಕಾಯುವುದು ಅವನಿಂದಾಗದ ಕೆಲಸ. ಟೀ ಆರುವವರೆಗೂ ಕಾಯದೆ ದಿನಾ ನಾಲಿಗೆ ಸುಟ್ಟುಕೊಳ್ಳುತ್ತಿದ್ದ. ನನ್ನದು ಉಲ್ಟಾ ಸ್ವಭಾವ. ಏನಾದರೂ ಕಳೆದುಹೋದೀತು ಎಂಬ ಭಯ ನನಗೆ ಚಿಕ್ಕಂದಿನಿಂದ ಇದೆ, ಬೀಗ ಹಾಕಿದ ಬಾಗಿಲನ್ನು ಮತ್ತೊಮ್ಮೆ ಎಳೆದು ನೋಡುವ ಜಾತಿ. ಹಲ್ಲಿನ ಡಾಕ್ಟರುಗಳಿಗೆ, ಟ್ಯೂಷನ್ ಮನೆಗಳಿಗೆ ಸಣ್ಣಪುಟ್ಟ ಸಾಫ್ಟ್‌ವೇರ್ ಮಾಡಿಕೊಟ್ಟುಕೊಂಡು ಇಬ್ಬರೂ ಹೇಗೋ ನಡೆಸಿಕೊಂಡು ಹೋಗುತ್ತಿದ್ದೆವು.

ಒಂದು ಮಧ್ಯಾಹ್ನ ಎದುರು ಬಾಗಿಲಿನಿಂದ ವನಿತಾ ಬಂದರು. ಕೇಂದ್ರದಲ್ಲಿ ಮಾತಿನ ಅಭ್ಯಾಸ ಮಾಡಿಸುತ್ತಿದ್ದವರು ಅವರೇ. ಕೈಯಲ್ಲಿ ಯಾರೋ ದಾನ ಕೊಟ್ಟ ಹಳೆಯ ಟ್ಯಾಬ್ಲೆಟ್.

"ಪೂರ್ಣಿಮಾ, ನಿಮ್ಮಿಬ್ರಿಂದ ಒಂದ್ ಉಪಕಾರ ಆಗ್ಬೇಕು. ಮಾತು ಹೋದೋರಿಗೆ ಅಂತ ಆಪ್‌ಗಳಿವೆ, ಬಟನ್ ಒತ್ತಿದ್ರೆ ಅದೇ ಮಾತಾಡತ್ತೆ. ಆದ್ರೆ ಕನ್ನಡದಲ್ಲಿ ಹಾಕಿದ್ರೆ 'ನನಗೆ ನೀರು ಬೇಕಾಗಿದೆ' ಅಂತ ವಾರ್ತೆ ಓದಿದ ಹಾಗೆ ಓದತ್ತೆ. ನಮ್ಮ ಲೀಲಮ್ಮ ಅದನ್ನ ಕೇಳಿ ಟ್ಯಾಬ್ಲೆಟ್ಟನ್ನೇ ತಳ್ಳಿಬಿಟ್ರು."

ಲೀಲಮ್ಮನವರನ್ನು ನಾವು ಮೆಟ್ಟಿಲ ಮೇಲೆ ನೋಡಿದ್ದೆವು. ಜಯನಗರದ ತಿಲಕ್ ನಗರ ಕಡೆಯ ಅಂಚಿನಲ್ಲಿ ಅವರ ಮನೆ. ಮದುವೆ ಮಾಡಿಕೊಂಡವರಲ್ಲ. ಒಂದು ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು, ಯೂನಿಯನ್ ಕಮಿಟಿಯಲ್ಲಿದ್ದು, ಗೇಟಿನ ಮುಂದೆ ಮೈಕಿಲ್ಲದೆ ಭಾಷಣ ಮಾಡುತ್ತಿದ್ದ ಹೆಂಗಸು. ಲಕ್ವ ಹೊಡೆದ ಮೇಲೆ ಬಲಗೈ ಸೋತಿತ್ತು. ಬುದ್ಧಿಗೆ ಏನೂ ಆಗಿರಲಿಲ್ಲ. ಎಲ್ಲ ಅರ್ಥವಾಗುತ್ತಿತ್ತು, ಓದಲು ಬರುತ್ತಿತ್ತು. ಆದರೆ ನಾಲಿಗೆ ತುಟಿಗಳು ಅವರ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಬಾಯಿ ತೆರೆದರೆ ಒಂದೇ ರಾಗದ ಸದ್ದು.

ಅವರ ಪರವಾಗಿ ಮಾತಾಡುತ್ತಿದ್ದವರು ತಂಗಿ ಕಮಲಮ್ಮ. ಗಂಡ ತೀರಿಕೊಂಡ ಮೇಲೆ ಅಕ್ಕನ ಮನೆಗೇ ಬಂದು, ಬೀದಿಯವರ ರವಿಕೆ ಹೊಲಿದುಕೊಂಡು ಇದ್ದವರು. ಅಕ್ಕನ ಮೇಲೆ ಪ್ರಾಣ. ಅಕ್ಕನ ಮುಖದ ಒಂದು ಗೆರೆ ಕದಲಿದರೂ ಅದನ್ನು ಮಾತಿಗೆ ಇಳಿಸಿಬಿಡುವರು. "ಅಕ್ಕಂಗೆ ಕಾಫಿ ಬೇಕಂತೆ." "ಅಕ್ಕಂಗೆ ಫ್ಯಾನು ಜಾಸ್ತಿ ಆಯ್ತಂತೆ." ಲೀಲಮ್ಮ ತಲೆ ಅಡ್ಡಡ್ಡ ಆಡಿಸುವ ಹೊತ್ತಿಗೆ ಕಾಫಿ ಕೈಗೆ ಬಂದಿರುತ್ತಿತ್ತು, ಫ್ಯಾನು ನಿಂತಿರುತ್ತಿತ್ತು.

ಆ ದಿನಗಳಲ್ಲಿ ಅವರ ಮನೆಯಲ್ಲಿ ಒಂದು ವಿಷಯ ಕುದಿಯುತ್ತಿತ್ತು. ಬೀದಿಯ ಹೆಂಗಸರೆಲ್ಲ ಸೇರಿ ಚಳಿಗಾಲಕ್ಕೆ ಅಂಡಮಾನಿಗೆ ಹೊರಟಿದ್ದರು. ಕಮಲಮ್ಮ ಜೀವಮಾನದಲ್ಲಿ ವಿಮಾನ ಹತ್ತಿದವರಲ್ಲ, ಸಮುದ್ರವನ್ನು ಸಿನಿಮಾದಲ್ಲಿ ಬಿಟ್ಟರೆ ಕಂಡವರಲ್ಲ. ಆಸೆಪಟ್ಟು ಹೆಸರು ಕೊಟ್ಟಿದ್ದರು. ಅಷ್ಟರಲ್ಲಿ ಅಕ್ಕನಿಗೆ ಹೀಗಾಯಿತು. ಯಾರಾದರೂ ಅಂಡಮಾನ್ ಎಂದರೆ ಸಾಕು, ಲೀಲಮ್ಮ ಎಡಗೈಯಿಂದ ಮೇಜು ಗುದ್ದುವರು.

"ನೋಡಿ, ಹೆಂಗೆ ಕೋಪ ಬರತ್ತೆ" ಎಂದು ಕಮಲಮ್ಮ ನಮ್ಮೆದುರಿಗೇ ಹೇಳಿದ್ದರು. "ಬಿಟ್ಟು ಹೋಗ್ಬೇಡ ಅಂತಾಳೆ. ಪಾಪ, ನಾನು ಬಿಟ್ಟೆಲ್ಲಿ ಹೋಗ್ಲಿ? ಹೆಸರು ತೆಗೆಸಿಬಿಡ್ತೀನಿ."

ಲೀಲಮ್ಮ ಇನ್ನೂ ಜೋರಾಗಿ ಗುದ್ದಿದರು.

ಯಂತ್ರದ ದನಿ ಬೇಡ, ಮನುಷ್ಯರ ದನಿಯನ್ನೇ ರೆಕಾರ್ಡ್ ಮಾಡೋಣ ಎಂದು ನಾವು ನಿರ್ಧರಿಸಿದೆವು. ಮನೆಮಾತು ಗೊತ್ತಿದ್ದು ಸದಾ ಹತ್ತಿರ ಇರುತ್ತಿದ್ದವರು ಕಮಲಮ್ಮ ಒಬ್ಬರೇ. ಹೀಗೆ ಲೀಲಮ್ಮನ ಮಾತಿಗೆ ಕಮಲಮ್ಮನ ದನಿ ಬಂತು. ವನಿತಾರ ಬಳಿ ಕಾಗುಣಿತದ ಒಂದು ಹಲಗೆ ಇತ್ತು. ಲೀಲಮ್ಮ ಅದರ ಮೇಲೆ ಅಕ್ಷರ ಅಕ್ಷರ ತೋರಿಸಿ ತಮಗೆ ಬೇಕಾದ ಪದ ಹೇಳುವುದು, ಕಮಲಮ್ಮ ಅದನ್ನು ಫೋನಿನ ಮುಂದೆ ಉಚ್ಚರಿಸುವುದು. ಅವರು ಮೊದಲು ಬೇಕೆಂದ ಪದ 'ಬೇಡ'. ಎರಡನೆಯದು 'ಸುಮ್ನಿರು'. ಆಮೇಲೆ 'ಕಣೇ'. ಅದಕ್ಕೆ ಒಂದು ಪ್ರತ್ಯೇಕ ಬಟನ್ನೇ ಬೇಕೆಂದು ಹಟ ಹಿಡಿದರು.

"ನನ್ನ ಬೈಯೋಕೆ ನನ್ನ ಬಾಯಿಂದ್ಲೇ ಮಾತು ಕಸ್ಕೋತಾಳಲ್ಲಪ್ಪ ಇವ್ಳು!" ಎಂದು ಕಮಲಮ್ಮ ನಕ್ಕರು.

ಮೊದಲ ಆಪ್ ಮಾಡಿದವಳು ನಾನು. ಪ್ರತಿಯೊಂದು ಪದದ ದನಿಯೂ ಒಂದೊಂದು ಫೈಲಾಗಿ ಟ್ಯಾಬ್ಲೆಟ್ಟಿನ ಸ್ಟೋರೇಜಿನಲ್ಲಿ ಇತ್ತು. ಬಟನ್ ಒತ್ತಿದಾಗ ಆ ಫೈಲು ತೆರೆದು, ಓದಿ, ನುಡಿಸುವುದು. ಒತ್ತಿದ್ದನ್ನು ಕೂಡಲೇ ಇನ್ನೊಂದು ಫೈಲಿಗೆ ಬರೆದಿಡುವುದು. ಕರೆಂಟು ಹೋಗಲಿ, ಬ್ಯಾಟರಿ ಸಾಯಲಿ, ಏನೂ ಕಳೆಯುವಂತಿರಲಿಲ್ಲ. ಆದರೆ ಆ ಹಳೆಯ ಟ್ಯಾಬ್ಲೆಟ್ಟಿನ ಸ್ಟೋರೇಜು ಬಸವನ ಹುಳು. ಕಮಲಮ್ಮ ಕಾಫಿಗೆ ಸಕ್ಕರೆ ಹಾಕಲು ಹೊರಟಾಗ ಲೀಲಮ್ಮ ಬಟನ್ ಒತ್ತಿದರು. ಟ್ಯಾಬ್ಲೆಟ್ ಯೋಚಿಸಿತು. ಕಮಲಮ್ಮ ಸಕ್ಕರೆ ಹಾಕಿ, ಕಲಸಿ, ಲೋಟ ಮುಂದಿಟ್ಟರು. ಆಗ "ಬೇಡ" ಎಂದಿತು.

ಲೀಲಮ್ಮ ನನ್ನ ಕಡೆ ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

"ಏನ್ ಗುರು ಇದು" ಎಂದ ಮಂಜು, ಕೋಣೆಗೆ ವಾಪಸ್ಸು ಬಂದ ಮೇಲೆ. "ಲೇಟಾಗಿ ಬಂದ 'ಬೇಡ'ನ ಇಟ್ಕೊಂಡು ಏನ್ ಮಾಡ್ತಾರೆ ಅವ್ರು? ಎಲ್ಲಾನೂ ಮೆಮೊರಿಗೆ ತಂದು ಕೂರಿಸೋಣ. ಆನ್ ಆದಾಗ ಒಂದ್ಸಲ ಲೋಡ್ ಆಗ್ಲಿ, ಆಮೇಲೆ ಸ್ಟೋರೇಜ್ ಕಡೆ ತಿರುಗೂ ನೋಡ್ಬಾರ್ದು."

"ಚಾರ್ಜ್ ಖಾಲಿ ಆದ್ರೆ ಮೆಮೊರೀಲಿ ಇದ್ದಿದ್ದೆಲ್ಲ ಹೋಗತ್ತೆ ಮಂಜು."

"ಆಪ್ ಕ್ಲೋಸ್ ಮಾಡುವಾಗ ಸೇವ್ ಮಾಡಿಸಿದ್ರಾಯ್ತು. ನೀನು ಎಲ್ಲದಕ್ಕೂ ಹೆದರ್ಬೇಡ."

ಅವನ ಆಪ್ ಜುಲೈ ಕೊನೆಯಲ್ಲಿ ಲೀಲಮ್ಮನ ಕೈಗೆ ಬಂತು. ಆನ್ ಆಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಆಮೇಲೆ ಬೆರಳು ತಾಗಿದ ತಕ್ಷಣ ಮಾತು. ಅವತ್ತು ಕಮಲಮ್ಮ ಎಂದಿನಂತೆ "ಅಕ್ಕಂಗೆ ಚಳಿ ಆಗ್ತಿದೆಯಂತೆ" ಎಂದು ಕಿಟಕಿಯ ಕಡೆ ಎದ್ದರು. ಹಿಂದಿನಿಂದ ಅವರದೇ ದನಿ ಕೇಳಿಸಿತು: "ಸುಮ್ನಿರು ಕಣೇ."

ಕಮಲಮ್ಮ ಕಿಟಕಿಯ ಬಳಿಯೇ ನಿಂತುಬಿಟ್ಟರು. ಲೀಲಮ್ಮ ಮತ್ತೆ ಒತ್ತಿದರು. "ಸುಮ್ನಿರು. ಸುಮ್ನಿರು. ಸುಮ್ನಿರು ಕಣೇ." ಒತ್ತುತ್ತಾ ಒತ್ತುತ್ತಾ ಅವರ ಭುಜ ಕುಲುಕತೊಡಗಿತು. ನಗುತ್ತಿದ್ದಾರೆಂದು ತಿಳಿಯಲು ನಮಗೆ ಒಂದು ಗಳಿಗೆ ಬೇಕಾಯಿತು. ಕಮಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಬೈಸ್ಕೊಂಡು ಎಷ್ಟ್ ದಿನ ಆಗಿತ್ತು" ಎಂದರು. ಮಂಜು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ನಾನು ಒಪ್ಪಿಕೊಂಡೆ.

ಆಗಸ್ಟಿನಲ್ಲಿ ಮಳೆ ಹಿಡಿಯಿತು. ಜಯನಗರದ ದೊಡ್ಡ ಮರಗಳ ಕೊಂಬೆಗಳು ತಂತಿಯ ಮೇಲೆ ಬೀಳುವುದು, ಕರೆಂಟು ಹೋಗುವುದು, ಕೆಳಗಿನ ಗ್ರೈಂಡರ್ ಸದ್ದು ಥಟ್ಟನೆ ನಿಲ್ಲುವುದು ದಿನದ ಮಾತಾಯಿತು. ಲೀಲಮ್ಮ ಮಾತ್ರ ಟ್ಯಾಬ್ಲೆಟ್ ಬಿಟ್ಟು ಕದಲುತ್ತಿರಲಿಲ್ಲ. ಹಲಗೆಯ ಮೇಲೆ ಹೊಸ ಹೊಸ ಪದ ತೋರಿಸಿದರು. 'ವಿಮಾನ', 'ಸಮುದ್ರ', 'ಹೋಗು', 'ಚಿಕ್ಕವಳು', 'ಅಮ್ಮ'. ಅಂಡಮಾನನ್ನು ಬೈಯಲಿಕ್ಕೇ ಇಷ್ಟೊಂದು ಮಾತು ಸೇರಿಸುತ್ತಿದ್ದಾಳೆ ಎಂದುಕೊಂಡ ಕಮಲಮ್ಮ ಬೇಸರಪಡದೆ ಎಲ್ಲವನ್ನೂ ಹೇಳಿಕೊಟ್ಟರು. ಪದಗಳನ್ನು ಸಾಲಾಗಿ ಜೋಡಿಸಿಟ್ಟು ಬೇಕಾದಾಗ ಒಟ್ಟಿಗೆ ನುಡಿಸುವ ಜಾಗವೊಂದು ಆಪಿನಲ್ಲಿತ್ತು. ಅಲ್ಲಿ ಲೀಲಮ್ಮ ಏನೋ ಉದ್ದದ್ದನ್ನು ಕಟ್ಟುತ್ತಿದ್ದರು. ಯಾರಾದರೂ ಹತ್ತಿರ ಬಂದರೆ ಟ್ಯಾಬ್ಲೆಟ್ಟನ್ನು ಎದೆಗೆ ಒತ್ತಿಕೊಳ್ಳುವರು.

ಒಂದು ದಿನ ಬೆಳಿಗ್ಗೆ ಹೋದ ಕರೆಂಟು ಸಂಜೆಯಾದರೂ ಬರಲಿಲ್ಲ. ಹಳೆಯ ಬ್ಯಾಟರಿ ಕೊನೆಯ ಎಚ್ಚರಿಕೆಯನ್ನೂ ಕೊಡದೆ ನಿಂತಿತು. ಆ ತಿಂಗಳೆಲ್ಲ ಲೀಲಮ್ಮ ಆಪನ್ನು ಒಮ್ಮೆಯೂ ಕ್ಲೋಸ್ ಮಾಡಿರಲಿಲ್ಲ, ಹಾಗಾಗಿ ಯಾವುದೂ ಸೇವ್ ಆಗಿರಲಿಲ್ಲ. ಮರುದಿನ ಆನ್ ಮಾಡಿದಾಗ ಹಳೆಯ ಪದಗಳಿದ್ದವು. ಆ ತಿಂಗಳು ಸೇರಿಸಿದ್ದು, ಜೋಡಿಸಿದ್ದು ಒಂದೂ ಇರಲಿಲ್ಲ.

ಲೀಲಮ್ಮ ಅಳಲಿಲ್ಲ, ಗುದ್ದಲಿಲ್ಲ. ಟ್ಯಾಬ್ಲೆಟ್ಟನ್ನು ಮಗುಚಿ ಇಟ್ಟು ಗೋಡೆಯ ಕಡೆ ಮುಖ ಮಾಡಿಕೊಂಡರು. ಮುಂದಿನ ವಾರವೆಲ್ಲ ಅಭ್ಯಾಸಕ್ಕೆ ಬಂದರೂ ಅದನ್ನು ಮುಟ್ಟಲಿಲ್ಲ. ಮಂಜು ಟೀ ತರಿಸಿ ಅದು ಆರಿ ತಣ್ಣಗಾದರೂ ಕುಡಿಯದೆ ಕೂತಿದ್ದ.

"ಬೈ, ಪೂರ್ಣಿ. ಬೈದುಬಿಡು."

"ಬೈದ್ರೆ ಅವ್ರ ಮಾತು ವಾಪಸ್ ಬರತ್ತಾ? ಬಾ, ಕೂತ್ಕೋ. ದನಿಗಳು ಮೆಮೊರೀಲೇ ಇರ್ಲಿ, ನೀನು ಹೇಳಿದ್ದು ಸರಿ. ಆದ್ರೆ ಏನೇ ಹೊಸದು ಬಂದ್ರೂ ಆ ಕ್ಷಣಾನೇ ಫೈಲಿಗೂ ಹೋಗ್ಲಿ. ಬರೆಯೋದು ಹಿಂದೆ ಹಿಂದೆ ನಡೀಲಿ, ಮಾತು ಅದಕ್ಕೆ ಕಾಯೋದು ಬೇಡ."

ಎರಡನ್ನೂ ಕೂಡಿಸುವ ಕೆಲಸಕ್ಕೆ ಕೂತೆವು. ಬರೆಯುತ್ತಿರುವಾಗಲೇ ಬ್ಯಾಟರಿ ಸತ್ತರೆ ಅರ್ಧ ಬರೆದ ಫೈಲು ಕೆಡುತ್ತದೆ. ಹಾಗಾಗಿ ಹೊಸ ಫೈಲನ್ನು ಪೂರ್ತಿ ಬರೆದ ಮೇಲಷ್ಟೇ ಹಳೆಯದನ್ನು ತೆಗೆಯುವಂತೆ ಮಾಡಿದೆವು. ಮಂಜು ಟ್ಯಾಬ್ಲೆಟ್ಟಿನ ಪವರ್ ಬಟನ್ ಅದುಮಿ ಹಿಡಿದು ಅದನ್ನು ಮತ್ತೆ ಮತ್ತೆ ಸಾಯಿಸಿ ನೋಡಿದ. ಪ್ರತಿ ಸಲವೂ ಎಲ್ಲ ಇದ್ದಲ್ಲೇ ಇತ್ತು. ಹಾಗೆಯೇ ವನಿತಾ ಒಂದು ಮಾತು ಹೇಳಿದರು: ಲೀಲಮ್ಮ ದಿನಕ್ಕೆ ಏನೇನು ಹೇಳಿದರು ಎಂಬುದು ಸಿಕ್ಕಿದರೆ ಡಾಕ್ಟರಿಗೆ ತೋರಿಸಬಹುದು, ಸುಧಾರಣೆ ತಿಳಿಯುತ್ತದೆ. ಸರಿಯೆನಿಸಿತು. ಆಡಿದ ಮಾತೆಲ್ಲ ದಿನಾಂಕದ ಜೊತೆ ಒಂದು ಪರದೆಯಲ್ಲಿ ಕಾಣುವಂತೆ ಇಟ್ಟೆವು.

ಲೀಲಮ್ಮ ಮೆಲ್ಲನೆ ಮತ್ತೆ ಟ್ಯಾಬ್ಲೆಟ್ ಹಿಡಿದರು. ಕಮಲಮ್ಮ ಮತ್ತೆ ಕೂತು 'ವಿಮಾನ', 'ಸಮುದ್ರ' ಎಂದರು. ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಒಂದು ಬೆಳಿಗ್ಗೆ ಎದುರು ಕೋಣೆಯಿಂದ ಕಮಲಮ್ಮನ ಅಳು ಕೇಳಿಸಿತು. ನಾವು ಓಡಿದೆವು.

ಚಾರ್ಜಿಗೆ ಹಾಕುವಾಗ ಅವರ ಬೆರಳು ತಾಗಿ ಆ ಪರದೆ ತೆರೆದುಕೊಂಡಿತ್ತು. ಹಿಂದಿನ ದಿನ ಅಕ್ಕ ವನಿತಾರಿಗೆ ಹೇಳಿದ್ದು ಅಲ್ಲಿತ್ತು: 'ಕಮಲಿ ಹೋಗಲ್ಲ. ನನಗೆ ಕಷ್ಟ.'

"ನಾನು ಮನೆ ಬಿಟ್ಟು ಹೋಗಲ್ಲ ಅನ್ನೋದೇ ಕಷ್ಟವಂತೆ ಇವ್ಳಿಗೆ" ಎಂದರು ಕಮಲಮ್ಮ. "ಹೋಗ್ಲಿ ಬಿಡಿ. ಎಲ್ಲಾದ್ರೂ ಹೋಗ್ತೀನಿ. ಇಷ್ಟ್ ದಿನ ನಾನಿರೋದೇ ಭಾರ ಅಂತ ಗೊತ್ತಿರ್ಲಿಲ್ಲ."

ವನಿತಾ ಬಾಯಿ ತೆರೆದು ಮತ್ತೆ ಮುಚ್ಚಿಕೊಂಡರು. ಅದರ ಅರ್ಥ ಅವರಿಗೆ ಗೊತ್ತಿತ್ತು. ಆದರೆ ಅದು ತಾವು ಹೇಳಬೇಕಾದ ಮಾತಲ್ಲ ಎಂದೂ ಗೊತ್ತಿತ್ತು. ಲೀಲಮ್ಮನ ಮುಖ ಕೆಂಪಾಗಿತ್ತು. ಎಡಗೈ ಚಾಚಿ ಟ್ಯಾಬ್ಲೆಟ್ಟನ್ನು ಕಿತ್ತುಕೊಂಡರು. ತಂಗಿಗಲ್ಲ, ನಮ್ಮಿಬ್ಬರಿಗೆ ತಿರುಗಿ, ಒಂದೊಂದೇ ಬಟನ್ ಒತ್ತಿದರು. ಅಳುತ್ತಿದ್ದ ಕಮಲಮ್ಮನ ಎದುರಿಗೆ ಕಮಲಮ್ಮನ ನಗುಮೊಗದ ದನಿ ಕೋಣೆ ತುಂಬಿತು.

"ಮಾತು. ಇರಲಿ." ಸ್ವಲ್ಪ ತಡೆದು, ಹುಡುಕಿ, "ಆಡಿದ್ದು. ಹೋಗಲಿ."

ನನಗೆ ತಕ್ಷಣ ಹೊಳೆಯಲಿಲ್ಲ. ಮಂಜುವಿಗೆ ಹೊಳೆಯಿತು.

"ಪದಗಳು ಉಳೀಬೇಕು, ಹೇಳಿದ್ದು ಉಳೀಬಾರ್ದು. ಅಲ್ವಾ ಆಂಟಿ?"

ಲೀಲಮ್ಮ ಜೋರಾಗಿ ತಲೆಯಾಡಿಸಿದರು.

ನಾವೆಲ್ಲ ಬಾಯಲ್ಲಿ ಆಡಿದ್ದು ಆಡಿದ ಹಾಗೇ ಗಾಳಿಗೆ ಹೋಗುತ್ತದೆ. ಹೇಳಿದವರ ಮುಖ, ಕೇಳಿದವರ ಮುಖ, ಆ ಹೊತ್ತಿನ ನಗು ಎಲ್ಲ ಸೇರಿ ಅದಕ್ಕೊಂದು ಅರ್ಥ ಬಂದಿರುತ್ತದೆ. ಲೀಲಮ್ಮನ ಮಾತನ್ನು ಮಾತ್ರ ನಾವು ಮುಖವಿಲ್ಲದೆ ಕೂಡಿಟ್ಟಿದ್ದೆವು. ಮಾತು ಹೋದವರಿಗೆ ಮಾತು ಕೊಟ್ಟೆವೆಂದು ಬೀಗುತ್ತಿದ್ದವರಿಗೆ, ಮಾತಾಡಿ ಮರೆಯುವ ಹಕ್ಕೂ ಅದರ ಜೊತೆಗೇ ಬರಬೇಕೆಂಬುದು ತೋಚಿರಲಿಲ್ಲ.

"ಕಟ್ಕೊಂಡಿರೋದು?" ಎಂದು ಕೇಳಿದೆ. "ಇನ್ನೂ ಹೇಳದೆ ಇರೋದು? ಅದೂ ಹೋಗ್ಲಾ?"

ಅವರು ಬೆರಳೆತ್ತಿ ನನ್ನನ್ನು ತಡೆದರು. "ಬೇಡ. ಬೇಡ. ಹೇಳೋ ತನಕ ಇರಲಿ."

ಮಂಜುವೂ ನಾನೂ ಜಗಳವಾಡದೆ ಮಾಡಿದ ಮೊದಲ ಕೆಲಸ ಅದು. ಪದಗಳು, ಅವುಗಳ ದನಿ ಫೈಲಿನಲ್ಲಿ, ಶಾಶ್ವತವಾಗಿ. ಕಟ್ಟುತ್ತಿರುವ ಮಾತು ಕೂಡ ಫೈಲಿನಲ್ಲಿ, ಆದರೆ ನುಡಿಸಿ ಮುಗಿದ ಕೂಡಲೇ ಅದು ಅಳಿಸಿಹೋಗುವುದು. ಆಡುತ್ತಿರುವ ಮಾತು ಮೆಮೊರಿಯಲ್ಲಿ ಮಾತ್ರ. ಹಳೆಯದನ್ನು ತೋರಿಸುವ ಪರದೆಯನ್ನು ಮಂಜು ಎಲ್ಲರ ಎದುರಿಗೆ ತೆಗೆದುಹಾಕಿದ. ವನಿತಾ ಬೇಸರ ಮಾಡಿಕೊಳ್ಳಲಿಲ್ಲ. ಡಾಕ್ಟರಿಗೆ ಬೇಕಾದದ್ದನ್ನು ಲೀಲಮ್ಮನನ್ನೇ ಕೇಳಿ ಹೇಳುತ್ತೇನೆ ಎಂದರು.

ಆದರೆ ಅಕ್ಕತಂಗಿಯರ ನಡುವೆ ಮೌನ ಬಿದ್ದಿತ್ತು. ಕಮಲಮ್ಮ ದಿನಾ ಕರೆದುಕೊಂಡು ಬರುವರು, ಕೈ ಹಿಡಿದು ಮೆಟ್ಟಿಲು ಹತ್ತಿಸುವರು, ಆದರೆ "ಅಕ್ಕಂಗೆ ಹಂಗಂತೆ, ಹಿಂಗಂತೆ" ಎನ್ನುವುದನ್ನು ನಿಲ್ಲಿಸಿಬಿಟ್ಟಿದ್ದರು. ಮೇಣದಿಂದ ಎತ್ತಿದ ಅಕ್ಕನ ಬೆರಳುಗಳಿಂದ ಬಿಳಿಯ ಪದರವನ್ನು ಅವರು ಸುಮ್ಮನೆ ಸುಲಿಯುತ್ತಾ ಕೂತಿರುವುದನ್ನು ಬಾಗಿಲಿನಿಂದ ನೋಡಿ ನಾನು ಹಾಗೆಯೇ ಹಿಂದಿರುಗುತ್ತಿದ್ದೆ.

ಕಮಲಮ್ಮ ಆ ಚಳಿಗಾಲ ಅಂಡಮಾನಿಗೆ ಹೋದರು. ಅಕ್ಕ ಮೇಜು ಗುದ್ದುತ್ತಿದ್ದದ್ದು ಹೋಗು ಎನ್ನಲಿಕ್ಕೇ ಎಂದು ಅಷ್ಟರಲ್ಲಿ ಅವರಿಗೆ ತಿಳಿದಿತ್ತು. ಅವರು ಬರುವವರೆಗೆ ವನಿತಾ ಗೊತ್ತುಮಾಡಿಕೊಟ್ಟ ಹೆಂಗಸೊಬ್ಬಳು ಲೀಲಮ್ಮನ ಜೊತೆಗಿದ್ದಳು. ಹೋಗಿಬಂದವರು ಸಮುದ್ರದ ಬಗ್ಗೆ ಎಷ್ಟು ಮಾತಾಡಿದರೆಂದರೆ ಲೀಲಮ್ಮನ 'ಸುಮ್ನಿರು' ಬಟನ್ ಸವೆಯುತ್ತದೇನೋ ಎಂದು ಮಂಜು ತಮಾಷೆ ಮಾಡಿದ. ಆದರೆ ಆ ಮಳೆಗಾಲವೆಂದರೆ ನನಗೆ ನೆನಪಿಗೆ ಬರುವುದು ಅದಕ್ಕೂ ಮುಂಚಿನ ಒಂದು ಸಂಜೆ.

ದಸರೆಗೆ ಇನ್ನೂ ಸ್ವಲ್ಪ ದಿನವಿತ್ತು. ಮಳೆ ನಿಂತು ಬೀದಿಯೆಲ್ಲ ಹೊಳೆಯುತ್ತಿತ್ತು. ಅಭ್ಯಾಸ ಮುಗಿದು ಉಳಿದವರೆಲ್ಲ ಹೋಗಿದ್ದರು. ಲೀಲಮ್ಮ ವನಿತಾರ ಕಡೆ, ನಮ್ಮ ಕಡೆ ನೋಡಿ ಬಾಗಿಲು ತೋರಿಸಿದರು. ನಾವು ಹೊರಗೆ ಬಂದೆವು. ಬಾಗಿಲು ಮುಚ್ಚಿತು.

ಒಳಗಿನಿಂದ ಕಮಲಮ್ಮನ ದನಿ ಬರತೊಡಗಿತು. ಒಂದೊಂದೇ ಪದ, ನಡುನಡುವೆ ಬಿಡುವು, ಮತ್ತೆ ಪದ. ಯಾವುದು ಎಂದು ತಿಳಿಯದಂತೆ ನಾವು ಬೇಕೆಂದೇ ಮೆಟ್ಟಿಲ ಹತ್ತಿರಕ್ಕೆ ಸರಿದೆವು. ಉದ್ದದ ಮಾತೇ ಅದು. ಅಷ್ಟು ಹೊತ್ತೂ ನಿಜವಾದ ಕಮಲಮ್ಮನಿಂದ ಒಂದು ಸದ್ದಿಲ್ಲ. ದನಿ ನಿಂತಿತು.

ಬಾಗಿಲು ತೆರೆದಾಗ ಕಮಲಮ್ಮನ ಮುಖ ನೆನೆದಿತ್ತು. ಟ್ಯಾಬ್ಲೆಟ್ ಅವರ ಕೈಯಲ್ಲಿತ್ತು. ಮಂಜುವಿನ ಬಳಿಗೆ ಬಂದು ಮೆಲ್ಲನೆ ಕೇಳಿದರು:

"ಮಂಜು, ನಮ್ಮಕ್ಕ ಈಗ ಹೇಳಿದ್ದನ್ನ ಇನ್ನೊಂದ್ಸಲ ಕೇಳ್ಬಹುದಾ? ಎಲ್ ಒತ್ತಬೇಕು?"

ಮಂಜು ನನ್ನ ಕಡೆ ನೋಡಿದ. "ಇಲ್ಲ ಆಂಟಿ" ಎಂದ. "ಅದು ಹೋಯ್ತು. ಎಲ್ಲೂ ಇಲ್ಲ."

ಕಮಲಮ್ಮ ತಿರುಗಿ ಒಳಗೆ ಹೋಗಿ, ಟ್ಯಾಬ್ಲೆಟ್ಟನ್ನು ಅಕ್ಕನ ತೊಡೆಯ ಮೇಲಿಟ್ಟು, ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತರು.

"ಅಕ್ಕ, ಇನ್ನೊಂದ್ಸಲ ಹೇಳು."

ಲೀಲಮ್ಮ ತಂಗಿಯ ಮುಖ ನೋಡಿದರು. ನಮಗೆ ಹೊರಗೆ ಹೋಗಿ ಎನ್ನುವುದನ್ನೂ ಮರೆತು ಎಡಗೈ ಬೆರಳಿನಿಂದ ಮೊದಲ ಪದ ಹುಡುಕತೊಡಗಿದರು. ತುಂಬ ನಿಧಾನ. ಕಮಲಮ್ಮ ಮಡಿಲಲ್ಲಿ ಎರಡೂ ಕೈ ಜೋಡಿಸಿಟ್ಟುಕೊಂಡು, ತುಟಿ ಬಿಚ್ಚದೆ, ಅಕ್ಕ ಹುಡುಕುವುದನ್ನೇ ನೋಡುತ್ತಾ ಕಾದಿದ್ದರು. ನಾನು ಬಾಗಿಲು ಎಳೆದುಕೊಂಡೆ.